ಓದುಗರ ಪ್ರಶ್ನೆ: ಮೆಚ್ಚಿನ ಕಾದಂಬರಿಕಾರರ ಕೈ ಸೋಲುವುದು ಯಾವಾಗ?

‘ಗೃಹಭಂಗ’, ‘ದಾಟು’, ‘ಪರ್ವ’ ಓದಿ ಬೆರಗಾಗಿ ಭೈರಪ್ಪನವರ ಉಳಿದ ಕಾದಂಬರಿಗಳಿಗೆ ಕೈಹಾಕಿದೆ. ‘ಆವರಣ’, ‘ಕವಲು’ ಹೊತ್ತಿಗೆ ಆ ಹಿಡಿತ ಸಿಗಲಿಲ್ಲ. ವಯಸ್ಸಾದಂತೆ ಲೇಖಕರ ಕಸುವು ಕುಂದುತ್ತದೆಯೇ, ಇಲ್ಲಾ ನನ್ನ ಓದೇ ಬದಲಾಯಿತೇ?
– ಶಾಲಾ ಶಿಕ್ಷಕಿ, ದಾವಣಗೆರೆ

ವಯಸ್ಸಿನ ಮೇಲೆ ತಪ್ಪು ಹೊರಿಸಬೇಡಿ. ‘ಮಂದ್ರ’ ಬಂದಾಗ ಭೈರಪ್ಪನವರು ಎಪ್ಪತ್ತರ ಆಸುಪಾಸಿನಲ್ಲಿದ್ದರು. 2010ರ ಸರಸ್ವತಿ ಸಮ್ಮಾನ್ ಸಂದದ್ದು ಆ ಕೃತಿಗೇ. ಗಾಯಕ ಮೋಹನಲಾಲನ ವಿದ್ಯೆಗೂ ಅವನ ನೀಚತನಕ್ಕೂ ಒಂದೇ ಉಸಿರಿನಲ್ಲಿ ಜಾಗ ಕೊಟ್ಟ ಆ ಬರವಣಿಗೆ ಕಸುವು ಕುಂದಿದವರದ್ದಲ್ಲ.

ಬದಲಾದದ್ದು ಪಾತ್ರಕ್ಕೂ ವಾದಕ್ಕೂ ಇರುವ ಸಂಬಂಧ. ‘ಗೃಹಭಂಗ’ದಲ್ಲಿ (1970) ಚೆನ್ನಿಗರಾಯ ಹೆಸರಿಗಷ್ಟೇ ಶ್ಯಾನುಭೋಗ, ಲೆಕ್ಕ ಬರೆಯುವವಳು ನಂಜಮ್ಮ, ಮುತ್ತುಗದ ಎಲೆ ಹಚ್ಚಿ ನಾಲ್ಕು ಕಾಸು ಕಾಣುವವಳೂ ಅವಳೇ. ಪ್ಲೇಗು ಬಂದು ಮಕ್ಕಳನ್ನು ಒಯ್ದಾಗಲೂ ಲೇಖಕರು ನಡುವೆ ನುಸುಳಿ ಮಾತಾಡುವುದಿಲ್ಲ. ‘ಆವರಣ’ದಲ್ಲಿ (2007) ವಾದ ಮೊದಲು ಬಂದು ಕೂತಿದೆ, ಪಾತ್ರಗಳು ಅದರ ಹಿಂದೆ ಬಂದಿವೆ. ಲಕ್ಷ್ಮಿ ಅಲಿಯಾಸ್ ರಜಿಯಾ ತಂದೆಯ ಪುಸ್ತಕಗಳನ್ನು ಓದುತ್ತ ತಾನೂ ಒಂದು ಕಾದಂಬರಿ ಬರೆಯುತ್ತಾಳೆ. ಆಕರ ಗ್ರಂಥಗಳ ಪಟ್ಟಿ ಕಥೆಯೊಳಗೇ ಬರುತ್ತದೆ. ಎದುರು ಪಕ್ಷದ ಪ್ರೊಫೆಸರ್ ಶಾಸ್ತ್ರಿಯ ಬಾಯಿಗೆ ಗಟ್ಟಿ ಮಾತು ಸಿಗುವುದೇ ಅಪರೂಪ. ‘ದಾಟು’ (1973) ಹಾಗಲ್ಲ. ಜಾತಿಯ ಪ್ರಶ್ನೆ ಬಂದಾಗ ಅಲ್ಲಿ ಒಬ್ಬೊಬ್ಬರಿಗೂ ಅವರವರ ನ್ಯಾಯ ಇದೆ. ಓದುಗ ಯಾರ ಪರ ನಿಲ್ಲಬೇಕೆಂದು ತಡಕಾಡುತ್ತಾನೆ. ನೀವು ಹಿಡಿತ ಎಂದದ್ದು ಆ ತಡಕಾಟವನ್ನೇ ಇರಬೇಕು. ಹಾಗೆಂದು ಜನಪ್ರಿಯತೆ ಇಳಿಯಲಿಲ್ಲ. ‘ಆವರಣ’ದ ಪ್ರತಿಗಳು ಬಿಡುಗಡೆಗೆ ಮೊದಲೇ ಖಾಲಿಯಾಗಿದ್ದವು. ಮಾರಾಟ ಒಂದು ದಾರಿ, ಕಸುಬು ಇನ್ನೊಂದು ದಾರಿ ಹಿಡಿಯುವುದು ಹೊಸತೇನಲ್ಲ.

ಇನ್ನು ನಿಮ್ಮ ಓದಿನ ಮಾತು. ನೀವು ಶುರು ಮಾಡಿದ್ದೇ ಶಿಖರದಿಂದ. ಯಾರನ್ನು ಕೇಳಿದರೂ ಒಬ್ಬ ಲೇಖಕರ ಅತ್ಯುತ್ತಮ ಮೂರನ್ನೇ ಮೊದಲು ಹೇಳುತ್ತಾರೆ. ಅವು ಮುಗಿದ ಮೇಲೆ ಯಾವುದನ್ನು ಎತ್ತಿಕೊಂಡರೂ ಇಳಿಜಾರೇ. ಅದನ್ನು ಲೇಖಕರ ಇಳಿಗಾಲ ಎಂದುಕೊಳ್ಳುವುದು ಸಾಮಾನ್ಯ ಪ್ರಮಾದ. ಬರೆದ ಕ್ರಮದಲ್ಲಿ ‘ಧರ್ಮಶ್ರೀ’ (1961), ‘ಗೃಹಭಂಗ’, ‘ಮಂದ್ರ’, ‘ಕವಲು’ (2010) ಓದಿ ನೋಡಿ. ಮತಾಂತರದ ಪ್ರಶ್ನೆ ಎತ್ತಿಕೊಂಡ ‘ಧರ್ಮಶ್ರೀ’ಯಲ್ಲೂ ವಾದವೇ ಮುಂದಾಳು! ವಾದ ಕೊನೆಗಾಲಕ್ಕೆ ಅಂಟಿಕೊಂಡ ಕಾಯಿಲೆಯಲ್ಲ, ಶುರುವಿನಿಂದಲೇ ಇದ್ದ ಸ್ವಭಾವ. ನಡುವಿನ ಕಾದಂಬರಿಗಳಲ್ಲಿ ಬದುಕು ಅದನ್ನು ಅದುಮಿಟ್ಟಿತ್ತು.

ಓದುವಾಗ ಪೆನ್ಸಿಲ್ ಇಟ್ಟುಕೊಳ್ಳಿ. ಇಬ್ಬರು ಜಗಳವಾಡುವ ಪುಟಗಳಲ್ಲಿ ಕೊನೆಯ ಮಾತು ಯಾರದ್ದು ಎಂದು ಅಂಚಿನಲ್ಲಿ ಗುರುತು ಹಾಕಿ. ಐದಾರು ಜಗಳಗಳಲ್ಲೂ ಒಂದೇ ಪಕ್ಷ ಗೆದ್ದರೆ ಅಲ್ಲಿ ಮಾತಾಡುತ್ತಿರುವುದು ಲೇಖಕರೇ. ಬಿಡುವಿದ್ದರೆ ‘ಪರ್ವ’ (1979) ಮತ್ತು ‘ಉತ್ತರಕಾಂಡ’ (2017) ಅಕ್ಕಪಕ್ಕ ಇಟ್ಟು ಓದಿ. ಎರಡರಲ್ಲೂ ಮಾಡಿರುವುದು ಪುರಾಣದ ಪವಾಡ ಕಳಚಿ ಮನುಷ್ಯರನ್ನು ಹುಡುಕುವ ಕೆಲಸವೇ. ಆದರೆ ಮುದುಕ ಶಲ್ಯನಿಂದ ಶುರುವಾಗುವ ‘ಪರ್ವ’ ಕುಂತಿ, ದ್ರೌಪದಿ, ಭೀಮ ಎಂದು ಮನಸ್ಸಿನಿಂದ ಮನಸ್ಸಿಗೆ ಹಾಯುತ್ತದೆ; ‘ಉತ್ತರಕಾಂಡ’ ಸೀತೆಯೊಬ್ಬಳ ಕಣ್ಣಿಗೆ ಕಟ್ಟುಬಿದ್ದಿದೆ. ನನ್ನ ಮಟ್ಟಿಗೆ ಕಿರಿದಾದದ್ದು ಈ ಹರವು. ಭಾಷೆಯ ಮೇಲಿನ ಹತೋಟಿಯಲ್ಲ.

ಕೊನೆಗಾಲದಲ್ಲಿ ಬರೆದದ್ದೇ ಅತ್ಯುತ್ತಮ ಎನ್ನಬಹುದಾದ ಕಾದಂಬರಿಕಾರರು ನಮ್ಮಲ್ಲಿದ್ದಾರೆಯೇ?
– ನಿವೃತ್ತ ಬ್ಯಾಂಕ್ ನೌಕರ, ಚಿತ್ರದುರ್ಗ

ನಿಮ್ಮೂರಿನ ಕೋಟೆಯೇ ಉತ್ತರ ಹೇಳುತ್ತದಲ್ಲ! ತ.ರಾ.ಸು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ ದುರ್ಗದ ಕಥೆಯನ್ನು ಹಿಂದೆಯೇ ಬರೆದಿದ್ದರು. ಅರವತ್ತು ದಾಟಿದ ಮೇಲೆ ಬಂದದ್ದು ‘ದುರ್ಗಾಸ್ತಮಾನ’ (1982). 1779ರಲ್ಲಿ ಹೈದರಾಲಿಗೆ ಕೋಟೆ ಬಿದ್ದದ್ದು ಪ್ರತಿ ಓದುಗನಿಗೂ ಮೊದಲೇ ಗೊತ್ತು, ಕುತೂಹಲಕ್ಕೆ ಜಾಗವಿಲ್ಲ. ಆದರೂ ಮದಕರಿ ನಾಯಕನ ಸೋಲಿನ ಕಡೆಗೆ ಪುಟ ತಿರುವಿಸುತ್ತಾರೆ. ಒಂದೇ ನೆಲಕ್ಕೆ ದಶಕಗಳ ಕಾಲ ಅಂಟಿಕೊಂಡಿದ್ದರ ಫಲ ಅದು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1985ರಲ್ಲಿ ಬಂದಾಗ ಅವರು ಇರಲಿಲ್ಲ.

ಕುವೆಂಪು ಅವರದ್ದು ಇನ್ನೂ ಸ್ಪಷ್ಟ ಉದಾಹರಣೆ. ಎರಡೇ ಕಾದಂಬರಿ, ನಡುವೆ 31 ವರ್ಷ. ‘ಕಾನೂರು ಹೆಗ್ಗಡಿತಿ’ಯಲ್ಲಿ (1936) ಹೂವಯ್ಯನ ಆದರ್ಶ ಆಗಾಗ ಉಪನ್ಯಾಸವಾಗುತ್ತದೆ. ‘ಮಲೆಗಳಲ್ಲಿ ಮದುಮಗಳು’ (1967) ‘ಇಲ್ಲಿ ಯಾರೂ ಮುಖ್ಯರಲ್ಲ; ಯಾರೂ ಅಮುಖ್ಯರಲ್ಲ’ ಎಂದು ಮೊದಲೇ ಸಾರಿ, ಹಾಗೆಯೇ ನಡೆದುಕೊಳ್ಳುತ್ತದೆ. ನಾಯಿ ಗುತ್ತಿ ಎಂಬ ಆಳಿಗೂ ಅವನ ನಾಯಿ ಹುಲಿಯನಿಗೂ ಹೆಗ್ಗಡೆಗಳಷ್ಟೇ ಜಾಗ. ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋಗುವಾಗ ನಮಗಾಗುವ ಸಂಕಟ ಯಾವ ನಾಯಕನ ಸಾವಿಗೂ ಕಡಿಮೆಯಲ್ಲ. ಇವರ ಜೊತೆಗೆ 1968ರಲ್ಲಿ ಕಾರಂತರ ‘ಮೂಕಜ್ಜಿಯ ಕನಸುಗಳು’, 1981ರಲ್ಲಿ ಚದುರಂಗರ ‘ವೈಶಾಖ’. ಎರಡೂ ಅರವತ್ತು ದಾಟಿದವರ ಕೃತಿಗಳು.

ನಮ್ಮ ಗ್ರಂಥಾಲಯದಲ್ಲಿ ಹಳೆಯ ಧಾರಾವಾಹಿ ಕಾದಂಬರಿಗಳಿಗೆ ಈಗಲೂ ಬೇಡಿಕೆ ಇದೆ. ಆದರೆ ‘ಮೊದಮೊದಲ ನಾಲ್ಕು ಚೆನ್ನ, ಆಮೇಲೆ ಎಲ್ಲವೂ ಒಂದೇ ಥರ’ ಎಂಬ ದೂರೂ ಬರುತ್ತದೆ. ಕಾರಣವೇನು?
– ಗ್ರಂಥಪಾಲಕಿ, ಶಿರಸಿ

ಅರ್ಧ ಕಾರಣ ಬರೆದವರದ್ದು, ಅರ್ಧ ಕಂತಿನದ್ದು. ವಾರಪತ್ರಿಕೆಯ ಕಂತಿಗೆ ಪದಗಳ ಮಿತಿ ಇರುತ್ತದೆ. ಓದುಗ ಮುಂದಿನ ವಾರ ಮತ್ತೆ ಕೊಳ್ಳಬೇಕು, ಆದ್ದರಿಂದ ಕಂತಿನ ಕೊನೆಗೊಂದು ಕಾಗದ ಬರಬೇಕು, ಬಾಗಿಲು ಬಡಿಯಬೇಕು, ಯಾರಾದರೂ ಮೂರ್ಛೆ ಹೋಗಬೇಕು. ಹಿಂದಿನ ಕಂತು ತಪ್ಪಿಸಿಕೊಂಡವರಿಗಾಗಿ ಶುರುವಿನಲ್ಲಿ ಹಳೆಯದರ ನೆನಪು. ಮುಂದಿನ ಧಾರಾವಾಹಿಯ ಜಾಹೀರಾತು ಬಂದಿತೆಂದರೆ ಕೊನೆಯ ಎರಡು ಕಂತುಗಳಲ್ಲಿ ಮದುವೆ, ಸಾವು, ಕ್ಷಮಾಪಣೆ ಎಲ್ಲವೂ ಮುಗಿಯಬೇಕು. ಪುಸ್ತಕ ಮಾಡುವಾಗ ಆ ನೆನಪಿನ ಪ್ಯಾರಾಗಳನ್ನು ಕಿತ್ತು, ಅಧ್ಯಾಯಗಳನ್ನು ಬೆಸೆದು, ಅವಸರದ ಕೊನೆಯನ್ನು ಮತ್ತೆ ಬರೆಯಬೇಕು. ಬಹಳ ಸಲ ಪತ್ರಿಕೆಯ ಹಾಳೆಗಳೇ ನೇರವಾಗಿ ಅಚ್ಚಿಗೆ ಹೋಗುತ್ತಿದ್ದವು. ಯಾವುದಾದರೂ ಒಂದು ಅಧ್ಯಾಯದ ಕೊನೆಯ ಪ್ಯಾರಾ, ಮುಂದಿನದರ ಮೊದಲ ಪ್ಯಾರಾ ಓದಿ. ಕಂತಿನ ಹೊಲಿಗೆ ಅಲ್ಲೇ ಕಾಣುತ್ತದೆ.

ಹೆಚ್ಚು ಬರೆದದ್ದೇ ತಪ್ಪು ಎನ್ನಲಾಗದು. ಅ.ನ.ಕೃ. ನೂರಕ್ಕೂ ಹೆಚ್ಚು ಕಾದಂಬರಿ ಬರೆದು ಕನ್ನಡಕ್ಕೆ ಓದುಗರನ್ನೇ ಕಟ್ಟಿಕೊಟ್ಟವರು, ಆದರೆ ‘ಸಂಧ್ಯಾರಾಗ’ದ ತಾಳ್ಮೆ ಅವರ ಎಲ್ಲ ಪುಸ್ತಕಗಳಲ್ಲೂ ಇಲ್ಲ. ತ್ರಿವೇಣಿ ಹತ್ತೇ ವರ್ಷಗಳಲ್ಲಿ ಇಪ್ಪತ್ತರಷ್ಟು ಬರೆದು 1963ರಲ್ಲಿ ತೀರಿಕೊಂಡರು. ಅಷ್ಟು ವೇಗದಲ್ಲೂ ಸಪ್ಪೆಯಾಗದಿರಲು ಕಾರಣ, ಹೆಣ್ಣಿನ ಮನಸ್ಸಿನ ಕಾಯಿಲೆ ಆಗ ಕನ್ನಡ ಕಾದಂಬರಿ ಹೆಚ್ಚು ತುಳಿಯದ ದಾರಿ. ‘ಶರಪಂಜರ’ದ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ, ಗುಣವಾದದ್ದನ್ನು ಮನೆಯವರು ನಂಬುವುದಿಲ್ಲ. ಆ ವಸ್ತುವಿಗೆ ಬಾಗಿಲು ಬಡಿಯುವ ತಂತ್ರ ಬೇಕಾಗಿಲ್ಲ.

‘ಕರ್ವಾಲೊ’ ನಂತರ ತೇಜಸ್ವಿ ವಿಜ್ಞಾನ, ಪತ್ತೇದಾರಿ ಎಂದು ಸಾಹಿತ್ಯ ಬಿಟ್ಟರು ಎನ್ನುತ್ತಾರೆ. ನಿಜವೇ?
– ಕಾಲೇಜು ವಿದ್ಯಾರ್ಥಿ, ಚಿಕ್ಕಮಗಳೂರು

ಅವರು ಬಿಟ್ಟದ್ದು ವ್ಯಕ್ತಿಯ ಒಳಗಿನ ತಳಮಳಕ್ಕೆ ಒತ್ತು ಕೊಟ್ಟ ನವ್ಯ ಸಾಹಿತ್ಯದ ದಾರಿಯನ್ನು, ಅದೂ ‘ಕರ್ವಾಲೊ’ಗಿಂತ (1980) ಮೊದಲೇ. ‘ಅಬಚೂರಿನ ಪೋಸ್ಟಾಫೀಸು’ (1973) ಸಂಕಲನದ ಮುನ್ನುಡಿಯಲ್ಲಿ ಅದನ್ನು ನೇರವಾಗಿಯೇ ಹೇಳಿದ್ದಾರೆ. ‘ಸ್ವರೂಪ’, ಆ ಮುನ್ನುಡಿ, ‘ಕರ್ವಾಲೊ’, ‘ಚಿದಂಬರ ರಹಸ್ಯ’ (1985), ‘ಜುಗಾರಿ ಕ್ರಾಸ್’ (1994) – ಈ ಸಾಲಿನಲ್ಲಿ ಓದಿ. ‘ಜುಗಾರಿ ಕ್ರಾಸ್’ನಲ್ಲಿ ಘಟನೆಗಳ ಓಟ ಜಾಸ್ತಿ, ‘ಕರ್ವಾಲೊ’ದ ಮಂದಣ್ಣನಂಥ ಪಾತ್ರ ಇಲ್ಲ ಎಂಬ ದೂರು ನ್ಯಾಯವೇ. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿಯರ ಒಂದು ದಿನದಲ್ಲಿ ಮಲೆನಾಡಿನ ಕಳ್ಳ ವ್ಯಾಪಾರವನ್ನೆಲ್ಲ ಹಿಡಿದ ಪುಸ್ತಕವನ್ನು ಸಾಹಿತ್ಯವಲ್ಲ ಎನ್ನುವುದು ಮಾತ್ರ ಹಟ.

ಬರೆದ ಕ್ರಮದಲ್ಲಿ ಓದಲು ವರ್ಷ ತಿಳಿಯುವುದು ಹೇಗೆ?
– ಕನ್ನಡ ಸಂಘದ ಸದಸ್ಯ, ಪುಣೆ

ಶೀರ್ಷಿಕೆ ಪುಟದ ಬೆನ್ನಿಗಿರುವ ಪುಟದಲ್ಲಿ ಮುದ್ರಣಗಳ ಪಟ್ಟಿ ಇರುತ್ತದೆ. ಕೊನೆಯದನ್ನು ಬಿಟ್ಟು ಮೊದಲನೆಯದನ್ನು ನೋಡಿ. ಅದು ಇಲ್ಲದಿದ್ದರೆ ಮುನ್ನುಡಿಯ ಕೆಳಗಿನ ತಾರೀಖು ನೋಡಿ. ಅಲ್ಲೂ ಎಚ್ಚರ ಬೇಕು. ಅನಂತಮೂರ್ತಿಯವರ ‘ಪ್ರೀತಿ ಮೃತ್ಯು ಮತ್ತು ಭಯ’ ಅಚ್ಚಾದದ್ದು 2012ರಲ್ಲಿ, ಬರೆದದ್ದು ‘ಸಂಸ್ಕಾರ’ಕ್ಕೂ (1965) ಮೊದಲು. ಅದನ್ನು ಕೊನೆಗಾಲದ ಕೃತಿ ಎಂದು ಓದಿದರೆ ಲೆಕ್ಕವೇ ತಲೆಕೆಳಗಾಗುತ್ತದೆ.