ಸ್ಕ್ಯಾನ್ ವರದಿಯ ‘ಮಸುಕು’ ಮತ್ತು ಕ್ಯಾನ್ಸರಿನ ಭಯ

ಪ್ರಶ್ನೆ: ನನ್ನ ಪತಿಗೆ 58 ವರ್ಷ, ಅಡಿಕೆ ಕೃಷಿಕರು. ಮೂತ್ರದ ಕಲ್ಲಿನ ನೋವಿಗೆಂದು ಮಂಗಳೂರಿನಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ‘ಮಿಸ್ಟಿ ಮೆಸೆಂಟರಿ, ಮೆಸೆಂಟೆರಿಕ್ ಪ್ಯಾನಿಕ್ಯುಲೈಟಿಸ್ ಇರಬಹುದು’ ಎಂದು ವರದಿ ಬಂತು. ಕಲ್ಲು ಹೋದ ಮೇಲೆ ನೋವಿಲ್ಲ, ಊಟ ಸೇರುತ್ತದೆ, ತೂಕವೂ ಇಳಿದಿಲ್ಲ. ಇದು ಕ್ಯಾನ್ಸರಿನ ಆರಂಭವೇ? ನಮ್ಮೂರಿನ ಗೇರು ತೋಟಗಳಿಗೆ ಹಿಂದೆ ಸಿಂಪಡಿಸಿದ ಎಂಡೋಸಲ್ಫಾನ್ ಕಾರಣವೇ? ಪರಿಚಿತರೊಬ್ಬರಿಗೆ ಇದೇ ಕಾಯಿಲೆಗೆ ಟ್ಯಾಮಾಕ್ಸಿಫೆನ್ ಕೊಟ್ಟಿದ್ದಾರಂತೆ. ಅದು ಕ್ಯಾನ್ಸರಿನ ಮಾತ್ರೆಯಲ್ಲವೇ?
– ಓದುಗರೊಬ್ಬರು, ಪೆರ್ಲ, ಕಾಸರಗೋಡು

ಉತ್ತರ: ಸಣ್ಣ ಕರುಳನ್ನು ಹೊಟ್ಟೆಯ ಹಿಂಗೋಡೆಗೆ ಹಿಡಿದಿಟ್ಟಿರುವ, ಬೀಸಣಿಗೆಯಂತೆ ಹರಡಿದ ಪೊರೆಯೇ ಮೆಸೆಂಟರಿ. ಕರುಳಿನ ರಕ್ತನಾಳಗಳೂ ದುಗ್ಧಗ್ರಂಥಿಗಳೂ ಅದರೊಳಗಿನ ಕೊಬ್ಬಿನ ನಡುವೆ ಇರುತ್ತವೆ. ಆ ಕೊಬ್ಬಿನ ಉರಿಯೂತವೇ ಮೆಸೆಂಟೆರಿಕ್ ಪ್ಯಾನಿಕ್ಯುಲೈಟಿಸ್. ಅದು ಬಂದಾಗ, ಸ್ಕ್ಯಾನಿನಲ್ಲಿ ಕಪ್ಪಾಗಿ ಕಾಣಬೇಕಾದ ಭಾಗ ಮಸುಕಾಗುತ್ತದೆ. ‘ಮಿಸ್ಟಿ’ ಎಂಬುದು ಆ ಮಸುಕಿನ ವರ್ಣನೆಯೇ ಹೊರತು ರೋಗದ ಹೆಸರಲ್ಲ. ಯಕೃತ್ತಿನ ಕಾಯಿಲೆಯಿಂದ ನೀರು ಸೇರಿದರೂ, ಮೇದೋಜೀರಕ ಗ್ರಂಥಿಗೆ ಉರಿಯೂತ ಬಂದರೂ, ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ಇದ್ದರೂ ಚಿತ್ರ ಹೀಗೆಯೇ ಕಾಣಬಹುದು.

1924ರಲ್ಲೇ ವರ್ಣಿತವಾದ ಪ್ಯಾನಿಕ್ಯುಲೈಟಿಸ್ ಐವತ್ತು ದಾಟಿದ ಗಂಡಸರಲ್ಲಿ ಹೆಚ್ಚು, ಮತ್ತು ಹೆಚ್ಚಿನವರಲ್ಲಿ ನಿಮ್ಮ ಪತಿಗಾದಂತೆ ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಸಿಕ್ಕಿಬೀಳುತ್ತದೆ. ಇದು ತಾನಾಗಿ ಕ್ಯಾನ್ಸರಲ್ಲ. ಆದರೆ ಮಸುಕಿನ ಹಿಂದೆ ಲಿಂಫೋಮಾ ಅಡಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆದ್ದರಿಂದ ವರದಿಯ ಹಾಳೆಯನ್ನಷ್ಟೇ ಅಲ್ಲದೆ ಸ್ಕ್ಯಾನಿನ ಸಿ.ಡಿ.ಯನ್ನೂ ಜಠರ-ಕರುಳು ತಜ್ಞರಿಗೆ ತೋರಿಸಿ. ರಕ್ತನಾಳಗಳ ಸುತ್ತ ಕೊಬ್ಬಿನ ಉಂಗುರ ಉಳಿದಿದ್ದರೆ ಅದು ಪ್ಯಾನಿಕ್ಯುಲೈಟಿಸ್ ಪರವಾದ ಸಾಕ್ಷ್ಯ. ದುಗ್ಧಗ್ರಂಥಿಗಳು 10 ಮಿ.ಮೀ.ಗಿಂತ ದಪ್ಪವಾಗಿದ್ದರೆ ಪೆಟ್ ಸ್ಕ್ಯಾನ್ ಅಥವಾ ಬಯಾಪ್ಸಿಯ (ತುಣುಕು ತೆಗೆದು ಪರೀಕ್ಷಿಸುವ) ಮಾತು ಬರುತ್ತದೆ. ಎಲ್ಲರಿಗೂ ಬಯಾಪ್ಸಿ ಬೇಕಿಲ್ಲ.

ಎಂಡೋಸಲ್ಫಾನಿನ ಕುರಿತು ನಿಮ್ಮ ಊರಿನವರು ಕೇಳದಿದ್ದರೆ ಇನ್ನಾರು ಕೇಳಬೇಕು? ಆದರೆ ಈ ಕಾಯಿಲೆಯೊಡನೆ ನಂಟು ಹೇಳಲಾಗುವುದು ಹಿಂದಿನ ಹೊಟ್ಟೆಯ ಶಸ್ತ್ರಚಿಕಿತ್ಸೆ, ಪೆಟ್ಟು ಮತ್ತು ದೇಹದ ರೋಗನಿರೋಧಕ ವ್ಯವಸ್ಥೆಯ ಏರುಪೇರುಗಳಿಗೆ. ಆ ಪಟ್ಟಿಯಲ್ಲಿ ಕೀಟನಾಶಕವಿಲ್ಲ.

ಟ್ಯಾಮಾಕ್ಸಿಫೆನ್ ಸ್ತನ ಕ್ಯಾನ್ಸರಿಗೆ ಬಳಸುವ ಔಷಧವೆಂಬುದು ನಿಜ. ಇಲ್ಲಿ ಅದನ್ನು ಕೊಡುವುದು ಉರಿಯೂತವಾದ ಕೊಬ್ಬು ನಾರುಗಟ್ಟಿ ಗಟ್ಟಿಯಾಗುವುದನ್ನು ತಡೆಯಲೆಂದು, ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಜೊತೆಗೆ, ಮತ್ತು ಬಿಡದ ಹೊಟ್ಟೆನೋವು, ಭೇದಿ, ತೂಕ ಇಳಿಕೆ ಇರುವವರಿಗೆ ಮಾತ್ರ. ಟ್ಯಾಮಾಕ್ಸಿಫೆನ್ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿಸಬಲ್ಲದು. ಪ್ರೆಡ್ನಿಸೊಲೋನ್ ಸಕ್ಕರೆಯನ್ನು ಏರಿಸುತ್ತದೆ, ಒಳಗೆ ಸುಮ್ಮನಿರುವ ಕ್ಷಯವನ್ನು ಎಬ್ಬಿಸಬಲ್ಲದು. ನಮ್ಮ ದೇಶದಲ್ಲಿ ಹೊಟ್ಟೆಯ ಕ್ಷಯವೂ ಇದೇ ವೇಷದಲ್ಲಿ ಬರುವುದರಿಂದ, ಅದಿಲ್ಲವೆಂದು ನೋಡದೆ ಸ್ಟೀರಾಯ್ಡ್ ಆರಂಭಿಸುವುದನ್ನು ನಾನು ಒಪ್ಪುವುದಿಲ್ಲ.

ತೊಂದರೆಯಿಲ್ಲದ ನಿಮ್ಮ ಪತಿಗೆ, ಗ್ರಂಥಿಗಳು ದಪ್ಪವಾಗಿಲ್ಲದಿದ್ದರೆ, ಈಗ ಮಾತ್ರೆ ಬೇಡ. ಮತ್ತೆ ಸ್ಕ್ಯಾನ್ ಬೇಕೇ, ಯಾವಾಗ ಎಂಬುದನ್ನು ತಜ್ಞರು ನಿರ್ಧರಿಸಲಿ. ಜ್ವರ ಬಂದರೆ ಅಥವಾ ತೂಕ ಇಳಿಯತೊಡಗಿದರೆ ಬೇಗ ತೋರಿಸಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಮಲವೂ ವಾಯುವೂ ಹೋಗದಿದ್ದರೆ ಅದು ಕರುಳಿನ ತಡೆಯಿರಬಹುದು, ಆಗ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.