ಮೊದಲು ಮೋಸಹೋಗದೆ ಪಾಪ ಮಾಡಲು ಸಾಧ್ಯವೇ?

ಸಾಧ್ಯ, ನಾನು ಮಾಡಿದ್ದೇನೆ. ಬೈಬಲ್ಲಿನ ಮೊದಲ ಸ್ತ್ರೀ ಹವ್ವಳು ಸರ್ಪದ ಮಾತಿಗೆ ಮರುಳಾದ ಕಥೆಯನ್ನು ಮುಂದಿಟ್ಟು, ಪ್ರತಿಯೊಂದು ಪಾಪಕ್ಕೂ ಮೊದಲು ಒಂದು ವಂಚನೆ ನಡೆದಿರಬೇಕಲ್ಲವೇ ಎಂದು ಕೇಳಿದ್ದೀರಿ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪಾತ್ರ ನಡೆಸುವ ತಾಳಮದ್ದಳೆಯಲ್ಲಿ ಕೌರವನ ಅರ್ಥ ಹೇಳುವಾಗ ಇದೇ ವಾದವನ್ನು ಗಂಟೆಗಟ್ಟಲೆ ಮಂಡಿಸಿದವನು ನಾನು.

ನಮ್ಮದು ಕಾಸರಗೋಡಿನ ಪೈವಳಿಕೆಯ ಕಡೆ. ಗುಡ್ಡದ ಮುರಕಲ್ಲನ್ನು (ಜಂಬಿಟ್ಟಿಗೆಯನ್ನು) ಅಡ್ಡಲಾಗಿ ಕೊರೆದು, ಒಬ್ಬನೇ ನಡೆಯುವಷ್ಟು ಅಗಲದ ಸುರಂಗ ತೋಡಿ, ಒಸರುವ ನೀರನ್ನು ಪಂಪಿನ ಹಂಗಿಲ್ಲದೆ ತೋಟಕ್ಕೆ ಇಳಿಸುವುದು ಇಲ್ಲಿಯ ಹಳೆಯ ಕ್ರಮ. ಮುತ್ತಜ್ಜನ ಕಾಲದ ಅಂಥ ಒಂದು ಸುರಂಗದ ನೀರು ನನಗೂ ನನ್ನ ದಾಯಾದಿಗೂ ದಿನ ಬಿಟ್ಟು ದಿನ ಸಲ್ಲಬೇಕಿತ್ತು. ಬೇಸಗೆಯ ಒಂದು ಮೀನಮಾಸದಲ್ಲಿ ಒರತೆ ಕಿರುಬೆರಳ ಗಾತ್ರಕ್ಕೆ ಇಳಿಯಿತು. ಆ ವರ್ಷ ಅವನು ಹೊಸದಾಗಿ ಅಡಿಕೆ ಸಸಿ ನೆಟ್ಟಿದ್ದ. ಅವನ ಸರದಿಯ ರಾತ್ರಿ ನಾನು ಟಾರ್ಚ್ ಹಿಡಿದು ಹೋಗಿ, ಸುರಂಗದ ಬಾಯಿಯಲ್ಲಿದ್ದ ನೀರು ಹಾಯಿಸುವ ಅಡಿಕೆಮರದ ದಂಬೆಯನ್ನು ನನ್ನ ಟಾಂಕಿಯತ್ತ ತಿರುಗಿಸಿ, ಅಲುಗದಂತೆ ಅಡಿಗೆ ಕಲ್ಲು ಕೊಟ್ಟು ಬಂದೆ. ಬೆಳಕು ಹರಿಯುವ ಮೊದಲು ಮತ್ತೆ ಹೋಗಿ ಅದನ್ನು ಅವನ ಕಡೆಗೇ ಇಟ್ಟೆ. ಸರದಿ ಯಾರದೆಂದು ತಿಳಿಯದವನು ದಂಬೆಯನ್ನು ಮರಳಿ ಇಡುವುದಿಲ್ಲ. ಮಳೆ ಹಿಡಿಯುವವರೆಗೂ ಇದು ಆಗಾಗ ನಡೆಯಿತು. ಅವನ ಸಸಿಗಳಲ್ಲಿ ಹೆಚ್ಚಿನವು ಒಣಗಿದವು.

ನನಗೆ ದುಬಾರಿಯಾದ ತಪ್ಪು ಇದರ ನಂತರದ್ದು. ಸುರಂಗ ತೋಡಿಸಲು ಹಣ ಹಾಕಿದ್ದು ನಮ್ಮ ಕವಲಿನವರೇ ಎಂಬ ಮಾತನ್ನು ಮನೆಯಲ್ಲಿ ಎಂದೋ ಕೇಳಿದ್ದೆ. ನೀರು ಕದಿಯುವಾಗ ಆ ಮಾತು ನನ್ನ ನೆನಪಿಗೇ ಬಂದಿರಲಿಲ್ಲ. ಅವನ ಹೆಂಡತಿ ನನ್ನ ಹೆಂಡತಿಯೊಡನೆ ಸಂಶಯದ ಮಾತಾಡಿದ ದಿನ ಅದು ಎದ್ದು ಬಂತು. ಆಮೇಲೆ ಹಳೆಯ ಪಾಲುಪಟ್ಟಿ ತೆಗೆದೆ; ನೀರಿನ ವಿಷಯ ಅದರಲ್ಲಿ ಅಸ್ಪಷ್ಟವಾಗಿದೆಯೆಂದು ಸಂತೋಷಪಟ್ಟೆ; ಅಣ್ಣನೇ ನನಗೆ ಸರದಿಯನ್ನು ತಪ್ಪಾಗಿ ತಿಳಿಸಿದ್ದನೆಂದೂ ಸೇರಿಸಿದೆ. ಕೃತ್ಯ ಮುಗಿದ ಮೇಲೆ ಗೊತ್ತುಮಾಡಿಕೊಂಡ ವಕೀಲನಂತೆ ಬಂದ ಈ ವಂಚನೆಯನ್ನು ಮೊದಲಿನಿಂದಲೂ ನನ್ನ ಜತೆಗಿತ್ತೆಂದು ನಾನೇ ನಂಬತೊಡಗಿದೆ, ಮತ್ತು ನಂಬಿದ್ದರಿಂದಲೇ ಕ್ಷಮೆ ಕೇಳುವುದು ವರ್ಷಗಟ್ಟಲೆ ಮುಂದೆ ಹೋಯಿತು. ಅಷ್ಟರಲ್ಲಿ ಅವನು ಸಾಲ ಮಾಡಿ ಕೊಳವೆಬಾವಿ ತೋಡಿಸಿದ. ನನ್ನ ಕೌರವನಿಗೆ ಎದುರಾಗಿ ಕೃಷ್ಣನ ಅರ್ಥ ಹೇಳಲು ಕುಳಿತುಕೊಳ್ಳುವುದನ್ನೂ ನಿಲ್ಲಿಸಿದ. ಅವನಂಥ ಕೃಷ್ಣ ನನಗೆ ಮತ್ತೆ ಸಿಗಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನೀವು ಆಧಾರ ಮಾಡಿಕೊಂಡ ಬೈಬಲ್ಲಿನಲ್ಲೇ, ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ, ವಂಚನೆಗೆ ಒಳಗಾದವಳು ಸ್ತ್ರೀ, ಅವಳ ಗಂಡ ಆದಾಮನಲ್ಲ ಎಂದಿದೆ. ಹಾಗಿದ್ದೂ ರೋಮಾಪುರದವರಿಗೆ ಬರೆದ ಪತ್ರಿಕೆ ಪಾಪದ ಮೊದಲನ್ನು ಆದಾಮನ ಲೆಕ್ಕಕ್ಕೇ ಬರೆಯುತ್ತದೆ. ಇಷ್ಟವಿಲ್ಲದಿದ್ದರೂ ಯಾರೋ ಬಲವಂತ ಮಾಡಿದಂತೆ ಮನುಷ್ಯ ಪಾಪ ಮಾಡುವುದೇಕೆಂದು ಗೀತೆಯ 3ನೆಯ ಅಧ್ಯಾಯದಲ್ಲಿ ಅರ್ಜುನ ಕೇಳಿದಾಗ, ಕೃಷ್ಣ ಹೊರಗಿನ ಮೋಸಗಾರನನ್ನು ತೋರಿಸದೆ ಕಾಮಕ್ರೋಧಗಳನ್ನು ಹೆಸರಿಸುತ್ತಾನೆ. ಕಾಮವು ಜ್ಞಾನಕ್ಕೆ ಮುಸುಕು ಹಾಕಿ ಮೋಹಗೊಳಿಸುತ್ತದೆ ಎಂಬ ಮಾತೂ ಅಲ್ಲಿದೆ, ಅದು ನಿಮ್ಮ ಪಕ್ಷಕ್ಕೆ ಅನುಕೂಲವೇ. ಆದರೆ ಮುಸುಕು ಬೀಳಬೇಕಾದರೆ ಒಳಗೆ ಜ್ಞಾನ ಇರಲೇಬೇಕಷ್ಟೆ. ದುರ್ಯೋಧನನ ಬಾಯಲ್ಲಿ ಹೇಳಿಸುವ "ಜಾನಾಮಿ ಧರ್ಮಂ ನ ಚ ಮೇ ಪ್ರವೃತ್ತಿಃ" ಎಂಬ ಶ್ಲೋಕದ ಪೂರ್ವಾರ್ಧದಲ್ಲಿ ಅವನು ಧರ್ಮ ಗೊತ್ತು, ಆದರೆ ಅದರತ್ತ ಮನಸ್ಸು ಹೋಗದು ಎನ್ನುತ್ತ ಎಲ್ಲ ಗೊತ್ತಿತ್ತೆಂದು ಒಪ್ಪುತ್ತಾನೆ. ಉತ್ತರಾರ್ಧದಲ್ಲಿ ಹೃದಯದಲ್ಲಿರುವ ಯಾವುದೋ ದೇವರು ಮಾಡಿಸಿದಂತೆ ಮಾಡುತ್ತೇನೆ ಎನ್ನುತ್ತಾನೆ. ನಾನು ಸಭೆಯಲ್ಲಿ ಬೆಳೆಸುತ್ತಿದ್ದುದು ಯಾವಾಗಲೂ ಉತ್ತರಾರ್ಧವನ್ನೇ, ಚಪ್ಪಾಳೆ ಬೀಳುತ್ತಿದ್ದುದೂ ಅದಕ್ಕೇ.

ಇಂಥ ಪ್ರಶ್ನೆಯನ್ನು ಕೇವಲ ಕುತೂಹಲಕ್ಕೆ ಕೇಳುವವರು ಕಡಿಮೆ. ಯಾರಿಗಾದರೂ ಅನ್ಯಾಯ ಮಾಡಿ ಕೇಳುತ್ತಿದ್ದರೆ, "ನಾನು ಮೋಸಹೋದೆ" ಎಂಬ ಮಾತು ನಿಮಗೆ ಮೊದಲು ಹೊಳೆದದ್ದು ಕೃತ್ಯಕ್ಕೆ ಮುಂಚೆಯೋ, ಯಾರೋ ಲೆಕ್ಕ ಕೇಳಿದ ಮೇಲೋ ಎಂಬುದನ್ನು ನೋಡಿಕೊಳ್ಳಿ. ಎರಡನೆಯದಾದರೆ ಆ ಮನುಷ್ಯನ ಮನೆಗೆ ಹೋಗಿ, "ನನಗೆ ಗೊತ್ತಿತ್ತು" ಎಂದೇ ಮಾತು ಆರಂಭಿಸಿ. ನಾನು ಹೋದಾಗ ಪಾಲುಪಟ್ಟಿಯಿಂದ ಆರಂಭಿಸಿದೆ. ಹೇಳಬೇಕಾದ ಮಾತು ಬರುವ ಮೊದಲೇ ಅವನು ಹಸುಗಳಿಗೆ ಹುಲ್ಲು ಹಾಕಬೇಕೆಂದು ಎದ್ದು ಹಟ್ಟಿಗೆ ಹೋದ.