ಹ್ಯಾಮ್ಲೆಟ್, ಲಯನ್ ಕಿಂಗ್: ಪಾತ್ರಗಳ ಜೋಡಿ ಹುಡುಕುವುದನ್ನು ಬಿಡಿ

‘ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್‌ನ ಯಾವ ಪಾತ್ರ ಲಯನ್ ಕಿಂಗ್‌ನಲ್ಲಿ ಯಾವುದಾಗಿದೆ, ಮಕ್ಕಳ ಸಿನಿಮಾ ಮಾಡಹೋಗಿ ದುರಂತ ನಾಟಕವನ್ನು ಕೆಡಿಸಿದ್ದಾರೆ ಅಂತ ಅಸೈನ್‌ಮೆಂಟಿನಲ್ಲಿ ಬರೆಯಬಹುದೇ’ ಅಂತ ಕೇಳಿದ್ದೀರಿ. ಬೆಳಗಾವಿಯಲ್ಲಿ ಎಂ.ಎ. ಓದುವಾಗ ನಾನೂ ಸೆಮಿನಾರಿಗೆ ಇದೇ ವಿಷಯ ಹಿಡಿದಿದ್ದೆ, ಇದೇ ದಾರಿಯಲ್ಲೇ ಹೋಗಿದ್ದೆ.

ಡ್ರಾಯಿಂಗ್ ಶೀಟಿನ ಮೇಲೆ ದೊಡ್ಡ ಕೋಷ್ಟಕ ಬರೆದುಕೊಂಡು ಹೋಗಿದ್ದೆ. ಎಡಕ್ಕೆ ನಾಟಕ, ಬಲಕ್ಕೆ 1994ರ ಡಿಸ್ನಿ ಸಿನಿಮಾ. ರಾಜಕುಮಾರ ಹ್ಯಾಮ್ಲೆಟ್ ಎದುರಿಗೆ ಸಿಂಹದ ಮರಿ ಸಿಂಬಾ, ಅಣ್ಣನನ್ನು ಕೊಂದು ರಾಜನಾದ ಚಿಕ್ಕಪ್ಪ ಕ್ಲಾಡಿಯಸ್ ಎದುರಿಗೆ ಅಂಥದ್ದೇ ಚಿಕ್ಕಪ್ಪ ಸ್ಕಾರ್, ಮಂತ್ರಿ ಪೊಲೋನಿಯಸ್ ಎದುರಿಗೆ ರಾಜನ ಸೇವಕ ಹಕ್ಕಿ ಝಾಝು, ಹ್ಯಾಮ್ಲೆಟ್ ಪ್ರೀತಿಸಿದ ಒಫೀಲಿಯಾ ಎದುರಿಗೆ ಸಿಂಬಾನ ಗೆಳತಿ ನಾಲಾ. ಸ್ಕಾರ್ ಒಂದು ತಲೆಬುರುಡೆ ಹಿಡಿದು ಆಡುತ್ತಾನಲ್ಲ, ಅದರ ಎದುರಿಗೆ ಹ್ಯಾಮ್ಲೆಟ್ ಕೈಯಲ್ಲಿ ಹಿಡಿಯುವ ವಿದೂಷಕ ಯೋರಿಕ್‌ನ ಬುರುಡೆ. ಎಲ್ಲ ಹೇಳಿ ಮುಗಿಸಿದ ಮೇಲೆ ಸರ್ ಕೇಳಿದ್ದು ಇಷ್ಟೇ: “ಅಲ್ಲಪಾ, ತಮ್ಮಪ್ಪನ್ನ ಕೊಂದಾಂವ ಕಾಕಾನ ಅಂತ ಹ್ಯಾಮ್ಲೆಟ್‌ಗ ಯಾವಾಗ ಗೊತ್ತಾಗ್ತದ? ಸಿಂಬಾಗ ಯಾವಾಗ ಗೊತ್ತಾಗ್ತದ?”

ನನ್ನ ಬಾಯಿ ಕಟ್ಟಿತು. ಯಾರು ಯಾರಿಗೆ ಸಮ ಅಂತ ಹುಡುಕಿದ್ದೆನೇ ಹೊರತು, ಯಾರಿಗೆ ಏನು ಗೊತ್ತು ಅಂತ ನೋಡಿರಲಿಲ್ಲ. ಕೋಷ್ಟಕ ಮಾಡುವ ಅನಾಹುತ ಇದೇ ನೋಡ್ರಿ. ಒಫೀಲಿಯಾಳ ಅಪ್ಪನನ್ನು ಕೊಂದವನು ಹ್ಯಾಮ್ಲೆಟ್. ಅವಳು ಬುದ್ಧಿ ಕೆಟ್ಟು ನೀರುಪಾಲಾಗುತ್ತಾಳೆ. ನಾಲಾ ಸಿಂಬಾನನ್ನು ಬೈದು, ನಿನ್ನ ಜವಾಬ್ದಾರಿ ನೋಡು ಅನ್ನುತ್ತಾಳೆ. ಹ್ಯಾಮ್ಲೆಟ್‌ನ ತಾಯಿ ಗರ್ಟ್ರೂಡ್ ಗಂಡ ಸತ್ತ ಎರಡೇ ತಿಂಗಳೊಳಗೆ ಮೈದುನನನ್ನು ಮದುವೆಯಾಗುತ್ತಾಳೆ, ಹ್ಯಾಮ್ಲೆಟ್‌ನ ಅರ್ಧ ಸಂಕಟ ಅಲ್ಲೇ ಇದೆ. ಸಿಂಬಾನ ತಾಯಿ ಸರಾಬಿಯೋ ಸ್ಕಾರ್‌ಗೆ ಎದುರು ಮಾತಾಡಿ ಏಟು ತಿನ್ನುತ್ತಾಳೆ. (2019ರಲ್ಲಿ ಮತ್ತೆ ತೆಗೆದ ಸಿನಿಮಾದಲ್ಲಿ ಸ್ಕಾರ್ ಅವಳನ್ನು ರಾಣಿಯಾಗು ಅಂತ ಕೇಳುತ್ತಾನೆ, ಆಗಲೂ ಒಪ್ಪುವುದಿಲ್ಲ.) ನನ್ನ ಶೀಟಿನಲ್ಲಿ ಇಬ್ಬರೂ ಬರೀ ‘ತಾಯಿ’ ಆಗಿದ್ದರು. ವ್ಯತ್ಯಾಸ ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ನಾನೇ ಗೆರೆ ಎಳೆದು ಮುಚ್ಚಿದ್ದೆ. ಅದೇ ವಿಷಯದ ಮೇಲೆ ಪ್ರಾಜೆಕ್ಟ್ ಮಾಡುವ ಆಸೆಯಿತ್ತು. ಸಿಗಲಿಲ್ಲ.

ಸರ್ ಕೇಳಿದ ಪ್ರಶ್ನೆ ಹಿಡಿದು ಎರಡನ್ನೂ ಮತ್ತೆ ನೋಡಿದೆ. ಹ್ಯಾಮ್ಲೆಟ್‌ಗೆ ಮೊದಲನೇ ಅಂಕದಲ್ಲೇ ಅಪ್ಪನ ಪ್ರೇತ ಎಲ್ಲ ಹೇಳಿಬಿಡುತ್ತದೆ: ಮಲಗಿದ್ದಾಗ ಕಿವಿಗೆ ವಿಷ ಸುರಿದವನು ನನ್ನ ತಮ್ಮ, ಸೇಡು ತೀರಿಸು. ಅಲ್ಲಿಂದ ಮುಂದೆ ಅವನ ಕಷ್ಟವೆಲ್ಲ ಗೊತ್ತಿರುವುದನ್ನು ನಂಬಬೇಕೋ ಬೇಡವೋ ಅನ್ನುವುದು. ಸಿಂಬಾನ ಕಥೆ ಪೂರ್ತಿ ತಿರುವುಮುರುವು. ಕಾಡುದನಗಳ ಹಿಂಡು ನುಗ್ಗಿ ಅಪ್ಪ ಸತ್ತದ್ದು ತನ್ನಿಂದಲೇ ಅಂತ ಅವನು ನಂಬಿ ಓಡಿಹೋಗಿದ್ದಾನೆ. ಮೋಡದಲ್ಲಿ ಕಾಣುವ ಅಪ್ಪ ಮುಫಾಸಾ ಕೊಲೆಯ ಸುದ್ದಿಯನ್ನೇ ಎತ್ತುವುದಿಲ್ಲ, ನೀನು ಯಾರೆಂದು ನೆನಪಿಟ್ಟುಕೋ ಅನ್ನುತ್ತಾನೆ ಅಷ್ಟೇ. ಅಂದರೆ ಸಿಂಬಾ ಊರಿಗೆ ಮರಳುವುದು ಸೇಡಿಗಲ್ಲ. ತನ್ನದೇ ತಪ್ಪು ಅಂದುಕೊಂಡೇ ಮರಳುತ್ತಾನೆ. ಬಂಡೆಯ ಅಂಚಿನಲ್ಲಿ ಜೋತುಬಿದ್ದಾಗ ಸ್ಕಾರ್ ಬಗ್ಗಿ, ಮುಫಾಸಾನನ್ನು ಕೊಂದವನು ನಾನು ಅಂತ ಪಿಸುಗುಟ್ಟುತ್ತಾನೆ. ಆಗಲೇ ಸತ್ಯ ತಿಳಿಯುವುದು. ನಾಟಕದಲ್ಲಿ ಕಿವಿಗೆ ಬಿದ್ದದ್ದು ವಿಷ, ಇಲ್ಲಿ ಬಿದ್ದದ್ದು ಸತ್ಯ.

ಮುಂದಿನದನ್ನೂ ನೋಡಿ. ಮೂರನೇ ಅಂಕದಲ್ಲಿ ಕ್ಲಾಡಿಯಸ್ ಒಬ್ಬನೇ ಕೂತು ಕೊಲೆಯನ್ನು ಒಪ್ಪಿಕೊಳ್ಳುತ್ತಾನೆ, ಕೇಳುವವರು ನಾವು ಮಾತ್ರ. ಹ್ಯಾಮ್ಲೆಟ್ ಬರುವಷ್ಟರಲ್ಲಿ ಅವನು ಮೊಣಕಾಲೂರಿದ್ದಾನೆ. ಪ್ರಾರ್ಥನೆಯಲ್ಲಿ ಸತ್ತರೆ ಸ್ವರ್ಗಕ್ಕೆ ಹೋಗುತ್ತಾನೆ ಅಂತ ಹ್ಯಾಮ್ಲೆಟ್ ಕತ್ತಿ ಒಳಗಿಡುತ್ತಾನೆ. ಸಿಂಬಾ ಹಾಗಲ್ಲ, ಸ್ಕಾರ್‌ನ ಕುತ್ತಿಗೆ ಅದುಮಿ ಎಲ್ಲರಿಗೂ ಕೇಳುವ ಹಾಗೆ ಬಾಯಿ ಬಿಡಿಸುತ್ತಾನೆ. ಸತ್ಯ ನಾಲ್ಕು ಜನರ ನಡುವೆ ಬಂದಿತು ಅಂದಮೇಲೆ ಅವನು ಕೊಲ್ಲಬೇಕಾದ್ದೇ ಇಲ್ಲ. ಸ್ಕಾರ್‌ನನ್ನು ಮುಗಿಸುವುದು ಕತ್ತೆಕಿರುಬಗಳು.

‘ಕೆಡಿಸಿದ್ದಾರೆ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸುಮಾರು 1200ರ ಹೊತ್ತಿಗೆ ಸ್ಯಾಕ್ಸೊ ಗ್ರಮಾಟಿಕಸ್ ಬರೆದ ಡೆನ್ಮಾರ್ಕಿನ ಇತಿಹಾಸದಲ್ಲಿ ಈ ಕಥೆ ಆಗಲೇ ಇದೆ. ಅಲ್ಲಿ ಪ್ರೇತವಿಲ್ಲ, ಕೊಲೆ ಗುಟ್ಟೂ ಅಲ್ಲ. ಹ್ಯಾಮ್ಲೆಟ್‌ನ ಮೂಲವಾದ ಆಮ್ಲೆತ್ ಹುಚ್ಚನ ಹಾಗೆ ನಟಿಸಿ, ಚಿಕ್ಕಪ್ಪನನ್ನು ಕೊಂದು, ತಾನೇ ರಾಜನಾಗುತ್ತಾನೆ. ಮಗ ಬದುಕಿ ರಾಜ್ಯ ಪಡೆಯುವುದು ಡಿಸ್ನಿಯವರ ಹೊಸ ಕಲ್ಪನೆಯಲ್ಲ. ಅವನನ್ನು ಕೊಂದು ಕಿರೀಟವನ್ನು ನಾರ್ವೆಯ ರಾಜಕುಮಾರ ಫೋರ್ಟಿನ್‌ಬ್ರಾಸ್‌ಗೆ ಕೊಟ್ಟದ್ದೇ ಶೇಕ್ಸ್‌ಪಿಯರ್ ತಂದ ಬದಲಾವಣೆ.

ಸಿನಿಮಾ ನಿಜವಾಗಿ ಬಡವಾಗಿರುವುದು ಬೇರೆ ಕಡೆ. ಸ್ಕಾರ್‌ಗೆ ಅಂಥದ್ದೊಂದು ಪ್ರಾರ್ಥನೆಯ ಗಳಿಗೆಯೇ ಇಲ್ಲ. ನಾನು ಮುಧೋಳದವನು, ರನ್ನನ ಊರಿನವನು. ಗದಾಯುದ್ಧ ಓದಿ ಬೆಳೆದವನಿಗೆ ಈ ಕೊರತೆ ಚುಚ್ಚುತ್ತದೆ. ಭೀಮನ ಪ್ರತಿಜ್ಞೆ ಎಷ್ಟೇ ನ್ಯಾಯದ್ದಿರಲಿ, ರಣರಂಗದಲ್ಲಿ ದುಶ್ಶಾಸನನ, ಮಗ ಲಕ್ಷಣಕುಮಾರನ, ಕರ್ಣನ ಹೆಣಗಳ ಮುಂದೆ ನಿಂತು ಅಳುವ ದುರ್ಯೋಧನನನ್ನು ರನ್ನ ನಮಗೆ ತೋರಿಸಿದ ಮೇಲೇ ಗದೆ ಎತ್ತಿಸುತ್ತಾನೆ.

ಹಾಗಾಗಿ ಝಾಝು ಯಾರು ಅನ್ನುವುದನ್ನು ಬಿಡಿ. ಕ್ಲಾಡಿಯಸ್‌ನ ಪ್ರಾರ್ಥನೆ ಒಂದು ಕಡೆ, ಬಂಡೆಯ ಅಂಚಿನ ಪಿಸುಮಾತು ಇನ್ನೊಂದು ಕಡೆ ಇಟ್ಟುಕೊಂಡು ಬರೆಯಿರಿ. ಅಸೈನ್‌ಮೆಂಟಿಗೆ ಅಷ್ಟೇ ಸಾಕು. ಕೋಷ್ಟಕ ಕೊಡಲೇಬೇಕು ಅಂತ ನಿಮ್ಮ ಮೇಡಂ ಹೇಳಿದ್ದರೆ ಕೊನೆಯ ಪುಟದಲ್ಲಿ ಹಾಕಿ.